ಗೋಡೆ ಕಲಿಸಿದ ಜಿಗಿತ

ನನ್ನ ನಿವೃತ್ತಿಗೆ ಇನ್ನೊಂದು ವರ್ಷ ಬಾಕಿಯಿದ್ದಾಗ ನಡೆದದ್ದು ಇದು. ಆಗ ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಹುದ್ದೆಯ ಹೆಸರು ಭಾರಿಯಾಗಿದೆ. ನಿರ್ದೇಶಿಸಲು ನನಗಿದ್ದದ್ದು ಒಂದು ವಿಸಿಲ್, ಚೆಂಡು ತುಂಬಿದ ಒಂದು ಕಪಾಟು ಮತ್ತು ಮಾತು ಕೇಳದ ಮಕ್ಕಳು. ಮೈಸೂರು ಬಿಟ್ಟು ಬಂದ ಮೇಲಿನ ನನ್ನ ಸೇವೆಯೆಲ್ಲ ಅಲ್ಲೇ ಸವೆಯಿತು.

ನಮ್ಮ ಬಾಸ್ಕೆಟ್‌ಬಾಲ್ ಕೋರ್ಟಿಗೆ ಒಂದು ವೈಶಿಷ್ಟ್ಯವಿತ್ತು. ಪಕ್ಕದ ಹೌಸಿಂಗ್ ಸೊಸೈಟಿಯ ಕಾಂಪೌಂಡ್ ಗೋಡೆ ಒಂದು ಮೂಲೆಯಲ್ಲಿ ಕೋರ್ಟಿನ ಗೆರೆಗೆ ಆತುಕೊಂಡೇ ನಿಂತಿತ್ತು. ಆ ಮೂಲೆಯಿಂದ ಬುಟ್ಟಿಗೆ ಚೆಂಡು ಹಾಕಿದರೆ ಮೂರು ಪಾಯಿಂಟು. ಆದರೆ ಅಲ್ಲಿ ನೆಟ್ಟಗೆ ಹಾರಿದವರ ಬೆನ್ನು ಗೋಡೆಗೆ ಉಜ್ಜುತ್ತಿತ್ತು. ಅದಕ್ಕೆ ನಾನು ಹುಡುಗಿಯರಿಗೆ ಮುಂದಕ್ಕೆ ಹಾರುವುದನ್ನು ಕಲಿಸಿದೆ. ಎದುರು ತಡೆಯಲು ನಿಂತವಳು ತಕ್ಷಣ ಪಕ್ಕಕ್ಕೆ ಸರಿಯಬೇಕು, ಇಲ್ಲದಿದ್ದರೆ ಹಾರಿದವಳು ಅವಳ ಪಾದದ ಮೇಲೆ ಇಳಿಯುತ್ತಾಳೆ, ಅದನ್ನೂ ಕಲಿಸಿದೆ. ಹೊರಗಿನ ತಂಡಗಳು ಬಂದು ಗೋಡೆಗೆ ಮೊಣಕೈ ಬಡಿಸಿಕೊಂಡು ಸೋತು ಹೋಗುತ್ತಿದ್ದವು. ಸ್ಟಾಫ್ ರೂಮಿನಲ್ಲಿ ನಾನು ಆ ಗೋಡೆಯನ್ನು "ಸಂಬಳವಿಲ್ಲದ ನನ್ನ ಸಹಾಯಕ ಕೋಚ್" ಎಂದು ಪರಿಚಯಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಾನೇ ನಗುತ್ತಿದ್ದೆ.

ಆ ವರ್ಷ ಭಾರತ ತಂಡದ ಆಯ್ಕೆಯ ಕೊನೆಯ ಸುತ್ತಿಗೆ ನಮ್ಮ ಕಾಲೇಜಿನ ಇಬ್ಬರು ತಲುಪಿದ್ದರು. ಠಾಕುರ್ಲಿಯ ಕೇತಕಿ, ಅವಳು ಆಯ್ಕೆಯಾಗುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇನ್ನೊಬ್ಬಳು ನಮ್ರತಾ, ಮಾಜಿವಾಡಾದಲ್ಲಿ ಸಣ್ಣ ಹೋಟೆಲು ನಡೆಸುವ ಸುಧಾಕರ ಶೆಟ್ಟರ ಮಗಳು. ಅವಳ ಬಗ್ಗೆ ಎಲ್ಲರಿಗೂ ಅನುಮಾನವಿತ್ತು, ಅವಳನ್ನೂ ಸೇರಿಸಿ. ಇಬ್ಬರೂ ಹೊಸಬರಾಗಿ ಬಂದ ದಿನದಿಂದ ಒಟ್ಟಿಗೇ ಆಡಿದವರು.

ನವಿ ಮುಂಬಯಿಯ ಒಳಾಂಗಣ ಕ್ರೀಡಾಂಗಣದಲ್ಲಿ ಕೊನೆಯ ಪಂದ್ಯ. ಆಯ್ಕೆಗಾರರು ಇಬ್ಬರನ್ನೂ ಎದುರುಬದುರು ತಂಡಗಳಲ್ಲಿ ಹಾಕಿದ್ದರು. ನಾನು ಗ್ಯಾಲರಿಯಲ್ಲಿದ್ದೆ. ಕೇತಕಿ ಮೂಲೆಯಲ್ಲಿ ಚೆಂಡು ಹಿಡಿದಳು. ಅವಳ ಹಿಂದೆ ಗೋಡೆಯಿರಲಿಲ್ಲ, ಬೇಕಾದಷ್ಟು ಜಾಗವಿತ್ತು. ಆದರೂ ಮುಂದಕ್ಕೇ ಹಾರಿದಳು. ಎದುರಿಗಿದ್ದ ನಮ್ರತಾ ಸರಿಯಲಿಲ್ಲ. ಕೇತಕಿಯ ಕಾಲು ನಮ್ರತಾಳ ಪಾದದ ಮೇಲೆ ಇಳಿದು ಹೊರಳಿತು. ಕಣಕಾಲಿನ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿದಿತ್ತು. ಅವಳಿಗೆ ಆ ಸೀಸನ್ ಮುಗಿದಂತೆಯೇ ಎಂದರು ಡಾಕ್ಟರು. ಎರಡು ದಿನದಲ್ಲಿ ತಂಡ ಪ್ರಕಟವಾಯಿತು. ಅದರಲ್ಲಿ ನಮ್ರತಾ ಇದ್ದಳು.

ಕಾಲೇಜಿನ ಗೇಟಿಗೆ ಅವಳ ಫೋಟೊ ಇರುವ ಬ್ಯಾನರ್ ಕಟ್ಟಿದರು. ಅವಳು ಹಿಂದಿನ ಗೇಟಿನಿಂದ ಬರತೊಡಗಿದಳು.

ವಾರದೊಳಗೆ ಕೇತಕಿಯ ತಾಯಿ ನನಗೆ ಫೋನ್ ಮಾಡಿದರು. "ಸರ್, ಬಸ್ ಝಾಲಂ ಆತಾ! ಸಾಕು ಅಂತ ಆ ಶೆಟ್ಟಿಯವರಿಗೆ ಹೇಳಿ. ಫ್ರಿಜ್ಜಿನಲ್ಲಿ ಹಾಲಿಡೋಕೆ ಜಾಗ ಇಲ್ಲ." ವಿಚಾರಿಸಿದಾಗ ತಿಳಿಯಿತು: ಶೆಟ್ಟರು ದಿನಾ ಬೆಳಿಗ್ಗೆ ಹೋಟೆಲಿನಿಂದ ಠಾಕುರ್ಲಿಗೆ ಪಾರ್ಸೆಲ್ ಕಳಿಸುತ್ತಿದ್ದರು. ಒಂದು ದಿನ ಇಡ್ಲಿ, ಒಂದು ದಿನ ನೀರುದೋಸೆ, ಭಾನುವಾರ ವಿಶೇಷವಾಗಿ ಬನ್ಸ್.

ನಾನು ಮಾಜಿವಾಡಾಕ್ಕೆ ಹೋಗಿ ಗಲ್ಲಾದ ಮುಂದೆ ನಿಂತೆ. "ಶೆಟ್ರೇ, ಹರಿದಿರೋದು ಲಿಗಮೆಂಟು. ಅದು ಚಟ್ನಿಯಲ್ಲಿ ಅಂಟಲ್ಲ."

"ಗೊತ್ತುಂಟು ಸರ್. ಮತ್ತೆ ನಾನು ಎಂತ ಮಾಡುದು ಹೇಳಿ?" ಅವರು ದನಿ ತಗ್ಗಿಸಿದರು. "ಮಗಳ ಹೆಸರು ಬಂದ ದಿನ ಗಿರಾಕಿಗಳಿಗೆಲ್ಲ ಶೀರಾ ಹಂಚಿದೆ ಮಾರಾಯ್ರೆ. ಆ ಹುಡುಗಿ ಆಸ್ಪತ್ರೆಯಲ್ಲಿ ಇದ್ದಾಳೆ ಅಂತ ನಂಗೆ ನೆನಪೇ ಆಗ್ಲಿಲ್ಲ. ಈಗ ಇವಳು ಟೀಮಿಗೆ ಹೋಗುದೇ ಇಲ್ಲ ಅಂತಾಳೆ. ನೀವೊಂದು ಮಾತು ಹೇಳಿ."

ಮರುದಿನ ನಮ್ರತಾಳನ್ನು ಕೋರ್ಟಿನ ಬೆಂಚಿನ ಮೇಲೆ ಕೂರಿಸಿಕೊಂಡೆ. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ. "ಮೈಂ ನಹೀಂ ಜಾ ರಹೀ, ಸರ್" ಎಂದಳು.

"ನೀನು ಬಿಟ್ಟರೆ ಆ ಜಾಗ ಕೇತಕಿಗೆ ಸಿಗಲ್ಲಮ್ಮ. ಬೇರೆ ಯಾವುದೋ ರಾಜ್ಯದ ಹುಡುಗಿ ಹೋಗ್ತಾಳೆ. ಇದರಿಂದ ಯಾರಿಗೆ ಏನು ಲಾಭ?"

ಲಾಭದ ಮಾತಲ್ಲ ಎಂದಳು. ಆಮೇಲೆ ಗೋಡೆಯ ಕಡೆ ನೋಡುತ್ತ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಅವಳು ಮುಂದಕ್ಕೇ ಬರ್ತಾಳೆ ಅಂತ ಅಲ್ಲಿ ಆಡ್ತಿದ್ದವರಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಸರಿದಿದ್ದರೆ ಬಾಸ್ಕೆಟ್ ಆಗ್ತಿತ್ತು. ಸೆಲೆಕ್ಟರುಗಳು ನನ್ನನ್ನೇ ನೋಡ್ತಿದ್ದರು. ಅದಕ್ಕೇ ಸರಿಯಲಿಲ್ಲ."

ಅವಳು ಸರಿಯುವುದನ್ನು ನಾನು ಕಲಿಸಿದ್ದೆ ನಿಜ. ಆದರೆ ಸರಿಯಲೇಬೇಕಾದ ಆ ಜಿಗಿತವನ್ನು ಕಲಿಸಿದವನೂ ನಾನೇ. "ಇದನ್ನು ನನಗಲ್ಲ, ಕೇತಕಿಗೆ ಹೇಳಬೇಕು. ನಾನೂ ಬರ್ತೀನಿ, ನನಗೂ ಹೇಳೋದಿದೆ" ಎಂದೆ.

ಡೊಂಬಿವಲಿಯಿಂದ ಠಾಕುರ್ಲಿ ಒಂದೇ ಸ್ಟೇಷನ್. ಲೋಕಲ್ ರೈಲು ಹಿಡಿದು ಇಬ್ಬರೂ ಅವಳ ಮನೆಗೆ ಹೋದೆವು. ಕೇತಕಿ ದಿಂಬಿನ ಮೇಲೆ ಕಾಲಿಟ್ಟು ಕೂತಿದ್ದಳು. ನಮ್ರತಾ ನಿಂತೇ ಎಲ್ಲ ಹೇಳಿದಳು. ಕೇತಕಿ ಕೇಳಿಸಿಕೊಂಡು ಮರಾಠಿಯಲ್ಲಿ ಅಂದಳು: "ನೀನು ಪಕ್ಕಕ್ಕೆ ಸರಿಯೋದಿಲ್ಲ ಅಂತ ನನಗೆ ಗಾಳಿಯಲ್ಲಿದ್ದಾಗಲೇ ಗೊತ್ತಾಯ್ತು."

ದಿಂಬಿನ ಮೇಲಿನ ಕಾಲನ್ನು ಸರಿಮಾಡಿಕೊಂಡು ಅವಳೇ ಮುಂದುವರಿಸಿದಳು:

"ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಸರಿಯುತ್ತಿರಲಿಲ್ಲ. ಹಾಗಂತ ಸಿಟ್ಟು ಹೋಗಿಲ್ಲ, ಇದೆ. ಅದು ನನ್ನದು, ನಾನು ನೋಡ್ಕೋತೀನಿ. ಆದರೆ ನೀನು ಹೋಗದಿದ್ದರೆ ಊರೆಲ್ಲ ನನ್ನಿಂದ ನೀನು ಹೋಗಲಿಲ್ಲ ಅಂತಾರೆ. ಕಾಲೂ ನನ್ನದು, ಆ ಹೊರೆಯೂ ನನ್ನದಾ? ಹೋಗು. ಮತ್ತೆ ಅಪ್ಪನಿಗೆ ಹೇಳು, ಬನ್ಸ್ ಒಂದು ಕಳಿಸಬಹುದು. ಮಿಕ್ಕಿದ್ದು ಬೇಡ."

ನನ್ನ ಸರದಿ ಬಂದಾಗ ನಾನು ಗೋಡೆಯ ವಿಷಯ ಹೇಳಿದೆ. ಕೇತಕಿ, "ನೀವು ಕಲಿಸಿದ ಆ ಜಿಗಿತದಿಂದಲೇ ಅಲ್ವಾ ಸರ್ ನಾನು ಟ್ರಯಲ್ಸಿಗೆ ಬಂದದ್ದು?" ಎಂದಳು. ಸಮಾಧಾನಕ್ಕೆ ಹೇಳಿದಳೋ ಚುಚ್ಚಲು ಹೇಳಿದಳೋ, ಇಂದಿಗೂ ನನಗೆ ತಿಳಿಯದು.

ನಮ್ರತಾ ಹೋದಳು. ಹೆಚ್ಚಿನ ಹೊತ್ತು ಬೆಂಚಿನ ಮೇಲೆ ಕೂತಳು, ಸಿಕ್ಕ ಕೆಲವು ನಿಮಿಷ ಚೆನ್ನಾಗಿ ಆಡಿದಳು. ಅಷ್ಟರಲ್ಲಿ ನಾನು ಇಲ್ಲಿ ಒಂದು ಡಬ್ಬಿ ಬಿಳಿ ಬಣ್ಣ ತಂದು, ಮೂಲೆಯ ಗೆರೆಯನ್ನು ಗೋಡೆಯಿಂದ ಎರಡು ಹೆಜ್ಜೆ ಒಳಕ್ಕೆ ಎಳೆಸಿದೆ. ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಯಾರ ಅನುಮತಿಯೂ ಬೇಕಾಗಲಿಲ್ಲ. ಇಕ್ಕಟ್ಟಿಗೆ ಹೊಂದಿಕೊಳ್ಳುವುದನ್ನು ಮಕ್ಕಳಿಗೆ ಕಲಿಸುವ ಮೊದಲು, ಆ ಇಕ್ಕಟ್ಟನ್ನೇ ತೆಗೆಯಲಾದೀತೇ ಎಂದು ದೊಡ್ಡವರು ನೋಡಬೇಕು. ಇಡೀ ಸೇವೆಯಲ್ಲಿ ನಾನು ಕಲಿತದ್ದು ಇಷ್ಟು, ಅದೂ ಕೊನೆಯ ವರ್ಷದಲ್ಲಿ.

ನಿವೃತ್ತಿಯ ತಿಂಗಳಲ್ಲಿ ಕೇತಕಿ ಮತ್ತೆ ಕೋರ್ಟಿಗಿಳಿದಳು. ಎದುರು ನಮ್ರತಾ. ಕೇತಕಿ ಮೂಲೆಯಲ್ಲಿ ಚೆಂಡು ಹಿಡಿದಾಗ ನಾನು ಕೂಗಿದೆ, "ಹಿಂದೆ ಜಾಗ ಇದೆ ಕಣಮ್ಮ, ನೆಟ್ಟಗೆ ಹಾರು!" "ಗೊತ್ತು ಸರ್" ಎಂದವಳು ಮುಂದಕ್ಕೇ ಹಾರಿದಳು. ನಮ್ರತಾ ಪಕ್ಕಕ್ಕೆ ಸರಿದಳು, ಬೇಕಾದ್ದಕ್ಕಿಂತ ತುಂಬ ದೂರ. ಚೆಂಡು ಬುಟ್ಟಿಗೆ ಬಿತ್ತು.

ಎದುರಾಳಿಗೆ ಅಷ್ಟು ದಾರಿ ಬಿಟ್ಟವಳನ್ನು ಕೋಚ್ ಆದವನು ಆಟ ನಿಲ್ಲಿಸಿ ಗದರಬೇಕು. ವಿಸಿಲ್ ನನ್ನ ಬಾಯಲ್ಲೇ ಇತ್ತು. ಊದಲಿಲ್ಲ.