ಮಾಸ್ತಪ್ಪ ಸುಮ್ಮನಿರುತ್ತಿದ್ದ ದೃಶ್ಯ

೧೯೬೬ರ ಬೇಸಿಗೆಯಲ್ಲಿ ಸುಬ್ಬರಾಯರ ಟೂರಿಂಗ್ ಟಾಕೀಸು ಸಾಗರದ ಇಕ್ಕೇರಿ ರಸ್ತೆಯ ಬಯಲಿನಲ್ಲಿ ಟೆಂಟು ಹಾಕಿತ್ತು. ಅದರ ಗೇಟು ಕಾಯುತ್ತಿದ್ದವನು ಮಾಸ್ತಪ್ಪ. ಚೀನಾ ಯುದ್ಧಕ್ಕೆ ಹೋಗಿ, ಎಡಗಾಲಿನ ಮೂರು ಬೆರಳನ್ನು ಹಿಮಕ್ಕೆ ಕೊಟ್ಟು, ಪಲ್ಟನ್ನಿನಿಂದ ಬಿಡುಗಡೆಯಾಗಿ ಬಂದವನು. ಆ ಕಾಲಿಟ್ಟುಕೊಂಡು ಕೆಸರುಗದ್ದೆಯಲ್ಲಿ ಹೂಡುವುದು ಆಗದ ಮಾತು. ಗೇಟಿನಲ್ಲಿ ನಿಲ್ಲುವುದಕ್ಕೆ ಏಳು ಬೆರಳು ಧಾರಾಳ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಊರಿನವರಿಗೆ ಅವನ ಮೇಲೊಂದು ಅಸಮಾಧಾನವಿತ್ತು. ಯುದ್ಧದಿಂದ ಬಂದವನು ಯುದ್ಧದ ಕತೆ ಹೇಳಬೇಡವೇ? "ಎಷ್ಟು ಜನರನ್ನ ಹೊಡ್ದೆ?" ಎಂದು ಯಾರಾದರೂ ಆಸೆಯಿಂದ ಕೇಳಿದರೆ, "ಒಬ್ಬಂದೂ ಮುಖ ಕಾಣ್ಲಿಲ್ಲ ಮಾರಾಯ. ಗುಂಡಿ ತೋಡಿದ್ದು, ನಡ್ದಿದ್ದು, ಮತ್ತೆ ಗುಂಡಿ ತೋಡಿದ್ದು, ಮತ್ತೆ ನಡ್ದಿದ್ದು, ಅಷ್ಟೇಯ" ಎಂದುಬಿಡುತ್ತಿದ್ದ. ಕೇಳಿದವರು ಊಟಕ್ಕೆ ಕರೆಸಿಕೊಂಡು ಬರಿ ಎಲೆ ಹಾಕಿಸಿಕೊಂಡವರ ಹಾಗೆ ಎದ್ದು ಹೋಗುತ್ತಿದ್ದರು. ಇಲ್ಲದ್ದನ್ನು ಹೇಳುವವನಲ್ಲ ಎಂಬ ಹೆಸರು ಮಾತ್ರ ಮಾಸ್ತಪ್ಪನಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಆ ಹೆಸರಿನ ಬಗ್ಗೆ ಅವನಿಗೂ ಒಳಗೊಳಗೇ ಹೆಮ್ಮೆಯಿತ್ತು.

ಆ ಬೇಸಿಗೆಯಲ್ಲಿ ಸುಬ್ಬರಾಯರು ಒಂದು ಹಿಂದಿ ಯುದ್ಧದ ಸಿನಿಮಾ ತರಿಸಿದರು. ಗುಂಡಿನ ಸದ್ದು ಯಾವ ಭಾಷೆಯಲ್ಲಾದರೂ ಒಂದೇ ಎಂದು ಅವರ ಲೆಕ್ಕಾಚಾರ. ಆದರೆ ಸಿಪಾಯಿಗಳು ಗುಂಡು ಹಾರಿಸಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಜನ ಆಕಳಿಸತೊಡಗಿದರು.

"ನಿಂಗೆ ಹಿಂದಿ ಬರ್ತದಲ್ಲ ಮಾಸ್ತಪ್ಪ. ಮೈಕ್ ಹಿಡ್ಕಂಡು ಪರದೆ ಪಕ್ಕ ನಿಂತು, ಅವರು ಎಂತ ಹೇಳ್ತಾರೆ ಅಂತ ಕನ್ನಡದಲ್ಲಿ ಹೇಳ್ತಾ ಹೋಗು" ಎಂದರು ಸುಬ್ಬರಾಯರು.

"ನಾ ಇದ್ದದ್ದೇ ಹೇಳೋದು. ಆಮೇಲೆ ಬೈಬೇಡಿ."

ನಾಯಕ ಬೆಟ್ಟದ ನೆತ್ತಿಯಲ್ಲಿ ಎದೆಯುಬ್ಬಿಸಿ ನಿಂತು ಏನೋ ಗರ್ಜಿಸಿದ. "ತಾಯ್ನಾಡಿಗಾಗಿ ಪ್ರಾಣ ಕೊಡ್ತೀನಿ ಅಂತಿದಾನೆ" ಎಂದ ಮಾಸ್ತಪ್ಪ. ಅಷ್ಟಕ್ಕೇ ಬಿಡಲಾಗಲಿಲ್ಲ. "ಹಿಂಗೆ ಎದ್ದು ನಿಂತ್ಕಂಡ್ರೆ ಮಾತು ಮುಗಿಯೋದ್ರೊಳಗೇ ಕೊಟ್ಟಾಗಿರ್ತದೆ" ಎಂದು ಸೇರಿಸಿದ. ಟೆಂಟು ಗೊಳ್ಳೆಂದಿತು. ಆಮೇಲೆ ಅವನಿಗೂ ಹುರುಪು ಬಂತು. "ಈ ಬಂದೂಕಿಗೆ ಹತ್ತೇ ಗುಂಡು. ನಾ ಎಣಿಸ್ದೆ, ಇಪ್ಪತ್ತೇಳಾಯ್ತು. ಸುಳ್ಳು." "ಅದು ಹಿಮ ಅಲ್ಲ, ಉಪ್ಪು. ಹಿಮದಲ್ಲಿ ಮಾತಾಡಿದ್ರೆ ಬಾಯಿಂದ ಹೊಗೆ ಬರ್ತದೆ. ಸುಳ್ಳು." ನಾಲ್ಕನೇ ದಿನದ ಹೊತ್ತಿಗೆ ಅವನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನವರು "ಸುಳ್ಳು!" ಎಂದು ಕೂಗುವಂತಾಯಿತು. ಜೋಗದಿಂದ ಕರೆಂಟಿನ ಕೆಲಸದವರು ಲಾರಿ ಮಾಡಿಕೊಂಡು ಬಂದರು. ಅವರೆಲ್ಲ ಬಂದದ್ದು ಸಿನಿಮಾಕ್ಕಲ್ಲ, ಮಾಸ್ತಪ್ಪನಿಗೆ.

ಒಂದೇ ಒಂದು ದೃಶ್ಯಕ್ಕೆ ಅವನು ಸುಮ್ಮನಿರುತ್ತಿದ್ದ. ಗುಡ್ಡದ ಇಳಿಜಾರಿನಲ್ಲಿ ಹೊಟ್ಟೆಗೆ ಗುಂಡು ತಾಗಿದ ಹುಡುಗನೊಬ್ಬ ಬಿದ್ದು ನೀರು, ನೀರು ಎಂದು ಕೂಗುತ್ತಾನೆ. ಬಂಡೆಯ ಮರೆಯಲ್ಲಿದ್ದ ಗೆಳೆಯ ಬಹಳ ಹೊತ್ತು ನೋಡಿ, ಕೊನೆಗೆ ಗುಂಡಿನ ಮಳೆಯಲ್ಲೇ ತೆವಳಿ ಹೋಗಿ ಬಾಟಲಿ ಬಗ್ಗಿಸುತ್ತಾನೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತು ಹಗುರಾಗಲಿ ಎಂದು ಮಾಸ್ತಪ್ಪ ಬಿಟ್ಟಿದ್ದಾನೆಂದು ಎಲ್ಲರೂ ತಿಳಿದರು.

ಎಲ್ಲರೂ ಎಂದರೆ ಗುತ್ಯಮ್ಮನನ್ನು ಬಿಟ್ಟು. ಇಕ್ಕೇರಿ ಕಡೆಯ ಈ ಹೆಂಗಸಿನ ಒಬ್ಬನೇ ಮಗ ಭೂತಪ್ಪ ಬೇರೆ ಪಲ್ಟನ್ನಿನಲ್ಲಿದ್ದ. ಅದೇ ಯುದ್ಧದಲ್ಲಿ ಕಾಣೆಯಾದನೆಂದು ಮೊದಲೊಂದು ತಂತಿ ಬಂತು. ಸತ್ತಿರಬೇಕೆಂದು ವರ್ಷದ ಮೇಲೊಂದು ಕಾಗದ ಬಂತು. ಹೇಗೆ ಸತ್ತ ಎಂದು ಯಾವುದರಲ್ಲೂ ಇರಲಿಲ್ಲ. ಅದನ್ನು ಕಾಣಲೆಂದೇ ಅವಳು ಮೂರು ಸಂಜೆ ಬಂದು ಸಿನಿಮಾ ನೋಡಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ, ಮಾಸ್ತಪ್ಪ ದಬ್ಬಣ ಹಿಡಿದು ಟೆಂಟಿನ ಹರಕು ಹೊಲಿಯುತ್ತಿದ್ದಾಗ, ಬಂದು ಎದುರಿಗೆ ಕೂತಳು.

"ಮಾಸ್ತಪ್ಪ, ನೀನು ಎಲ್ಲದಕ್ಕೂ ಸುಳ್ಳು ಸುಳ್ಳು ಅಂತೀಯ. ಆ ಹುಡ್ಗ ನೀರು ಅಂತ ಕೂಗ್ತಾನಲ್ಲ, ಅದಕ್ಕೊಂದು ಎಂತದೂ ಹೇಳದಿಲ್ಲ. ಅದು ನಿಜನಾ?"

ಮಾಸ್ತಪ್ಪನ ಕೈ ನಿಂತಿತು. ಇಡೀ ಸಿನಿಮಾದಲ್ಲಿ ಅದೊಂದೇ ನಿಜ. ಯುದ್ಧದಲ್ಲಿ ಅವನ ಜೊತೆಗೆ ಮಲಬಾರಿನ ಚಾತುಕುಟ್ಟಿ ಎಂಬ ಹುಡುಗನಿದ್ದ. ನಲವತ್ತು ಮಾರು ದೂರದಲ್ಲಿ ಬಿದ್ದುಕೊಂಡು ಹೊತ್ತು ಮುಳುಗುವವರೆಗೆ ನೀರು ಕೇಳಿದ. ಮೊದಮೊದಲು ಮಾಸ್ತಪ್ಪನ ಹೆಸರು ಹಿಡಿದೇ ಕೇಳಿದ. ಮಾಸ್ತಪ್ಪನ ಬಾಟಲಿಯಲ್ಲಿ ನೀರಿತ್ತು. ಬಂಡೆಯ ಮರೆ ಬಿಟ್ಟರೆ ಗುಂಡು ಬರುತ್ತಿತ್ತು. ಅವನು ಹೋಗಲಿಲ್ಲ.

"ಹೇಳು ಮಗ. ಮೂರು ರಾತ್ರಿಯಿಂದ ನನ್ನ ಭೂತಪ್ಪ ಕೂಗಿದ ಹಂಗೇ ಕೇಳ್ತದೆ. ಅವಂಗೆ ಯಾರಾದ್ರೂ ಕೊಟ್ರೋ ಇಲ್ಲೋ."

"ಅದೂ ಸುಳ್ಳೇ ದೊಡ್ಡಮ್ಮ" ಎಂದ ಮಾಸ್ತಪ್ಪ. "ಗುಂಡು ತಾಗ್ತು ಅಂದ್ರೆ ಮುಗೀತು. ಬಾಯಾರೋಕೆ ಪುರುಸೊತ್ತೆಲ್ಲಿ?"

"ಮತ್ತೆ ಸುಮ್ನೆ ಯಾಕಿರ್ತೀಯ?"

"ಜನ ಅಳ್ತಾ ಇರ್ತಾರೆ. ಯಾಕೆ ಕೆಡಿಸೋದು ಅಂತ."

ಗುತ್ಯಮ್ಮ ಅವನ ಮುಖವನ್ನೇ ನೋಡಿದಳು. "ಹಂಗಾರೆ ಇವತ್ತು ಮೈಕಲ್ಲಿ ಹೇಳು. ನಾಲ್ಕು ಜನರ ಎದ್ರಿಗೆ ನೀನು ಇಲ್ಲದ್ದು ಹೇಳಾಂವ ಅಲ್ಲ. ನಾ ಕೂತು ಕೇಳ್ತೀನಿ."

ಸಂಜೆ ಅವಳು ಮುಂದೆಯೇ ಕೂತಿದ್ದಳು. ಹುಡುಗ ಬಿದ್ದ, ಕೂಗಿದ. ಮಾಸ್ತಪ್ಪ ಮೈಕನ್ನು ಬಾಯಿಯ ಹತ್ತಿರ ತಂದ. "ಇದೂ ಸುಳ್ಳು. ಹೊಟ್ಟೆಗೆ ಗುಂಡು ತಾಗಿದಾಂವ ಇಷ್ಟು ಮಾತಾಡದಿಲ್ಲ. ಇವಂಗೆ ಬಾಯಾರಿದ್ದಲ್ಲ, ಸಂಬಳ ಸಾಲದೆ ಕೂಗ್ತಿರೋದು." ಇಷ್ಟು ದಿನ ಅತ್ತವರೆಲ್ಲ ಹೋ ಎಂದು ನಕ್ಕರು. ಗುತ್ಯಮ್ಮನೂ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡು, ಸಿನಿಮಾ ಮುಗಿಯುವ ಮೊದಲೇ ಎದ್ದು ಮನೆಗೆ ಹೋದಳು. ಮಗನ ಹೆಸರಿನಲ್ಲಿ ಅವಳು ಕೊನೆಗೂ ಎಡೆ ಇಟ್ಟಳೆಂದು ವಾರದೊಳಗೆ ಸುದ್ದಿ ಬಂತು. ಮಾಸ್ತಪ್ಪನಿಗೆ ಸಮಾಧಾನವಾಯಿತು. ನಾಚಿಕೆಯೂ ಆಯಿತು. ಅವಳ ಕಡೆಯವರು ಯಾರಾದರೂ ಟೆಂಟಿನಲ್ಲಿರಬಹುದೆಂದು, ಸಾಗರ ಬಿಡುವವರೆಗೆ ಎಂಟು ದಿನವೂ ಚಾತುಕುಟ್ಟಿಯ ಸಾವಿಗೆ ಜನರನ್ನು ನಗಿಸಿದ.

ಆಮೇಲೆ ಟೆಂಟು ಹೊಸನಗರಕ್ಕೆ ಹೋಯಿತು. ಅಲ್ಲಿ ಮಾಸ್ತಪ್ಪನ ಗುರುತಿನವರು ಯಾರೂ ಇರಲಿಲ್ಲ. ಮೊದಲ ಆಟದಲ್ಲಿ ಹುಡುಗ ನೀರು ಎಂದು ಕೂಗಿದಾಗ, ಬಂಡೆಯ ಮರೆಯ ಗೆಳೆಯ ಪರದೆಯ ತುಂಬ ಕಾಣಿಸಿಕೊಂಡಾಗ, ಮಾಸ್ತಪ್ಪನ ಬಾಯಿಂದ ತಮಾಷೆ ಹೊರಡಲಿಲ್ಲ.

"ಚಾತುಕುಟ್ಟಿ, ನನ್ನ ಹತ್ರ ನೀರಿತ್ತು" ಎಂದ ಮೈಕಿನಲ್ಲಿ. "ಅರ್ಧ ಬಾಟ್ಲಿ ಇತ್ತು. ನೀನು ಕೂಗಿದ್ದೂ ಕೇಳ್ತು. ಹೆದ್ರಿಕೆ ಆಯ್ತು. ನಾ ಬರ್ಲಿಲ್ಲ ಮಾರಾಯ."

ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಅಷ್ಟರಲ್ಲಿ ಪರದೆಯ ಮೇಲಿನ ಗೆಳೆಯ ತೆವಳಿ ಹೋಗಿ ನೀರು ಕುಡಿಸಿದ, ಜನ ಚಪ್ಪಾಳೆ ತಟ್ಟಿದರು.

ಆಟ ಮುಗಿದ ಮೇಲೆ ಸುಬ್ಬರಾಯರು ಅವನ ಬೆನ್ನು ತಟ್ಟಿದರು. "ಎಂಥಾ ಮಾತೋ ಅದು! ಹಿಂದಿಯಲ್ಲಿ ಅಷ್ಟು ಚೆನ್ನಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ತಮಾಷೆಗಿಂತ ಅದೇ ಒಳ್ಳೇದು. ಇನ್ನು ದಿನಾ ಅದನ್ನೇ ಹೇಳು."

"ಅದು ಸಿನಿಮಾದ್ದಲ್ಲ ಸುಬ್ಬರಾಯ್ರೆ" ಎಂದ ಮಾಸ್ತಪ್ಪ. "ದಿನಾ ಹೇಳೋಕೆ ನನ್ನ ಕೈಲಾಗದಿಲ್ಲ."