ಅಣ್ಣನ ಗಡ್ಡಕ್ಕೆ ನಾನು ತಂದ ಸೋಪು

ಕೊರಟಗೆರೆಯ ಡಾಕ್ಟರಮ್ಮ ಗಡ್ಡದ ಸೋಪಿನ ಡಬ್ಬಿ ಮೂಸಿ ನೋಡಿ, “ಇದರ ಸುಗಂಧವೇ ಇವರ ಚರ್ಮಕ್ಕೆ ಆಗ್ತಿಲ್ಲ. ಯಾರು ತಂದಿದ್ದು?” ಎಂದರು. ಅಣ್ಣನ ಗಲ್ಲದಿಂದ ಕತ್ತಿನವರೆಗೆ ದದ್ದು ಎದ್ದಿತ್ತು. ಅದರ ಮೇಲೆ ಕೆಮ್ಮಣ್ಣಿನ ಕಲೆ ಇನ್ನೂ ಉಳಿದಿತ್ತು.

ಲಕ್ವ ಹೊಡೆದು ಅಣ್ಣ ಹಾಸಿಗೆ ಹಿಡಿದ ಮೇಲೆ ನಾನೇ ಅವನ ಗಡ್ಡ ಬೋಳಿಸುತ್ತೇನೆ. ದದ್ದನ್ನು ಸರ್ಪಸುತ್ತು ಎಂದುಕೊಂಡು, ಹೊಳವನಹಳ್ಳಿಯ ಅಜ್ಜಿಯೊಬ್ಬರನ್ನು ಕರೆಸಿ ಮೂರು ಸಲ ಕೆಮ್ಮಣ್ಣು ಹಚ್ಚಿಸಿದೆ. ಪ್ರತಿ ಸಲವೂ ಆ ಮಣ್ಣು ತೊಳೆದು, ಅದೇ ಸೋಪು ಹಚ್ಚಿ ಗಡ್ಡ ತೆಗೆದೆ.

“ಆ ಸೋಪು ಬ್ಯಾಡ ಕಣ್ಲಾ, ಉರೀತದೆ” ಎಂದು ಅವನು ಹೇಳುತ್ತಲೇ ಇದ್ದ. “ಮದುವೆ ಗಂಡಿನಂಗೆ ಘಮ್ಮಂತೀಯ, ಸುಮ್ಕಿರಣ್ಣ” ಎನ್ನುತ್ತಿದ್ದೆ.

ನಾನೇ ತಂದಿದ್ದು ಎಂದು ಒಪ್ಪಿಕೊಂಡೆ. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಅಣ್ಣ, “ಅವನನ್ನ ಬಯ್ಬ್ಯಾಡಿ ತಾಯಿ. ನನ್ ಮೇಲಿನ ಪ್ರೀತಿಗೆ ಒಳ್ಳೇದೇ ಹುಡುಕಿ ತಂದವ್ನೆ” ಎಂದ.

ಸೋಪು ಬದಲಿಸಿದ ಮೇಲೆ ದದ್ದು ಇಳಿಯಿತು. ಹಾಸಿಗೆ ಹಿಡಿದವನ ಮೈವಾಸನೆ ತಡೆಯಲಾಗದೆ, ನನ್ನ ಮೂಗಿಗೋಸ್ಕರ ಆ ಸೋಪು ತಂದಿದ್ದೆ ಎಂದು ಅಣ್ಣನಿಗೆ ಈವರೆಗೂ ಹೇಳಿಲ್ಲ. ಅವನಿಗೆ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.