ಬೈಲಕಡಿ ಸಾಲಿಯ ಖಾಸಿಂ ಬೀ

ಖಾಸಿಂ ಬೀ ಬಾಯಿಗೆ ಬೀಳದೆ ಉಳಿದ ಮನುಷ್ಯ ದೇವದುರ್ಗದಾಗ ಒಬ್ಬನೂ ಇರಲಿಲ್ಲ. ನಾಯಿಯನ್ನು ಬೈಯುತ್ತಿದ್ದಳು, ನೆರಳು ಸಾಲದು ಅಂತ ಬೇವಿನ ಗಿಡವನ್ನೂ ಬೈಯುತ್ತಿದ್ದಳು. ಹುಡುಗಿಯರ ಸಾಲಿಗೆ ಅವಳು ಆಯಾ. ಮುಂಜಾನೆ ಓಣಿ ಓಣಿ ತಿರುಗಿ, ಬಾಗಿಲು ಬಡಿದು, ನಮ್ಮನ್ನೆಲ್ಲ ಕುರಿ ಹೊಡೆದಂಗ ಹೊಡಕೊಂಡು ಸಾಲಿಗೆ ಒಯ್ಯೋದು, ಮತ್ತೆ ಮನಿ ಮುಟ್ಟಿಸೋದು ಅವಳ ಕೆಲಸ. ಅವಳ ಗಂಡ ಹೊಳಿ ದಂಡಿಯ ಊರು ಗೂಗಲ್‌ದಾಗ ಹರಗೋಲು ನಡೆಸುತ್ತಿದ್ದ. ರಾಯಚೂರಿನ ಯಾವಳನ್ನೋ ಕಟ್ಟಿಕೊಂಡು ಓಡಿಹೋದ. "ಹೊಳ್ಯಾಗ ಮುಳುಗಿ ಸತ್ತಿದ್ರ ಮಂದಿ ಮುಂದ ಅಳಾಕರ ಬರ್ತಿತ್ತು" ಅನ್ನುತ್ತಿದ್ದಳು.

ಆಗ ನಮ್ಮದು ನಿಜಾಮನ ರಾಜ್ಯ. ಸಾಲ್ಯಾಗ ಓದೋದು ಉರ್ದು, ಮನ್ಯಾಗ ಆಡೋದು ಕನ್ನಡ. ನಾನು ಮೂರನೇ ಜಮಾತ್‌ದಾಗ ಇದ್ದೆ. ದೊಡ್ಡ ಲಡಾಯಿ ನಡೆದು ಸೀಮೆಎಣ್ಣಿ ಸಿಗದ ಆ ವರ್ಷ ರಾಯಚೂರಿನಿಂದ ಹೊಸ ಮಾಸ್ತರಣಿ ಬಂದರು, ಸುಗ್ರಾ ಬೇಗಂ ಅಂತ. ನಾವು ಅವರಿಗೆ ಉಸ್ತಾನಿ ಅನ್ನುತ್ತಿದ್ದೆವು. ಪುಸ್ತಕದಾಗ ನಮ್ಮ ಕಡೆ ಇಲ್ಲದ ಚಿನಾರ್ ಗಿಡ ಇತ್ತು, ಬರ್ಫದ ಅಂದರೆ ಹಿಮದ ಗುಡ್ಡ ಇತ್ತು. "ಬರ್ಫ್ ಅಂದ್ರ ಏನ್ರಿ?" ಅಂತ ನಾನೇ ಕೇಳಿದೆ. ಉಸ್ತಾನಿ ನನ್ನ ನೋಡಿದರು, ಪುಸ್ತಕ ಮುಚ್ಚಿದರು. ವಾರಕ್ಕೊಂದು ದಿನ, ಗುರುವಾರ, ಊರ ಹೊರಗೆ ಪಾಠ ಅಂತ ಗೊತ್ತುಮಾಡಿದರು. ಇಲ್ಲಿಯ ಗಿಡ, ಇಲ್ಲಿಯ ಮಣ್ಣು, ಇಲ್ಲಿಯ ಹಳ್ಳ.

ತಾಯಂದಿರಿಗೆ ತಾವೇ ಹೇಳಬೇಕು, ಅದೂ ಕನ್ನಡದಾಗ ಹೇಳಬೇಕು ಅಂತ ಉಸ್ತಾನಿಗೆ ಹಟ. ಮೈದಾನಕ್ಕೆ ಬೈಲು ಅನ್ನುತ್ತಾರೆ ಅಂತ ಯಾರೋ ಹೇಳಿಕೊಟ್ಟಿದ್ದರು. ನಮ್ಮ ಓಣಿಯ ನಡುವೆ ನಿಂತು ಬುರ್ಖಾದೊಳಗಿನಿಂದ ಜೋರಾಗಿ ಅಂದರು: "ನಾಳಿ ನಿಮ್ಮ ಹುಡುಗ್ಯಾರ್ನೆಲ್ಲಾ ನಾನು ಬೈಲಕಡಿ ಕರ್ಕೊಂಡು ಹೋಗ್ತೀನಿ. ಬೈಲಕಡಿ ಕಲಿಯೋದು ಭಾಳ ಅದ!"

ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ನಮ್ಮ ಕಡೆ ಬೈಲಕಡಿ ಹೋಗೋದು ಅಂದರೆ ಒಂದೇ ಅರ್ಥ, ನೀರಿನ ಚರಗಿ ಹಿಡಕೊಂಡು ಹೋಗಿ ಬೇಲಿ ಮರೆಗೆ ಕೂಡೋದು. ನಮ್ಮ ಅತ್ತಿ ಮಾನಮ್ಮ ಬಿಡಲಿಲ್ಲ. "ಅದನ್ನ ಕಲಿಸಾಕ ರಾಯಚೂರಿಂದ ಬಂದ್ರೇನವ್ವಾ? ನಮ್ಮಾಕಿ ಎರಡು ವರ್ಷದಾಕಿ ಇದ್ದಾಗ ಪಾಸಾಗ್ಯಾಳ!"

ಸಂಜೀಕ ಇಡೀ ಊರಿಗೆ ನಮ್ಮದು ಬೈಲಕಡಿ ಸಾಲಿ ಆಯಿತು. ಸಾಲಿ ಬಾಗಿಲಿಗೆ ಯಾರೋ ತೂತು ಬಿದ್ದ ಚರಗಿ ಕಟ್ಟಿ ಹೋದರು.

ಖಾಸಿಂ ಬೀ ಅದನ್ನು ಕಿತ್ತು ತಂದು ಉಸ್ತಾನಿಯ ಮುಂದೆ ಒಗೆದಳು. "ಅಲ್ರೀ, ಬಾಯಿಗೆ ಬಂದ ಮಾತಿನ ಅರ್ಥ ಏನಂತ ನನ್ನ ಒಂದು ಮಾತು ಕೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು? ಇನ್ನ ಯಾವ ಮಾರಿ ಹೊತ್ಗೊಂಡು ಓಣ್ಯಾಗ ತಿರುಗ್ಲಿ? ಗಿಡ ನೋಡಾಕ ಸಾಲಿ ಯಾಕ ಬೇಕು? ಆಡೂ ಗಿಡ ನೋಡ್ತದ. ಆಡಿಗೆ ಯಾವ ಜಮಾತ್ ಅದ?"

"ಬರೋದಿಲ್ಲ ಅಂದ್ರ ಬ್ಯಾಡ, ಬೀ" ಅಂದರು ಉಸ್ತಾನಿ.

"ಬರೋದಿಲ್ಲ ಅಂದ್ನೇನು? ಬೈಯಾಕತ್ತೀನಿ, ಅಷ್ಟ!"

ಮರುದಿನ ಊರ ಅಗಸಿ ಬಾಗಿಲದಾಗ ಆದೆಪ್ಪ ನಿಂತಿದ್ದ. ದೊಡ್ಡ ಕಮತದವನು, ಅವನ ಮಾತು ಮೀರುವವರಿರಲಿಲ್ಲ. ಕಟ್ಟೆಯ ಮೇಲೆ ಅವನ ಮಂದಿ. "ಹೆಣ್ಣುಹುಡುಗ್ಯಾರು ಅಗಸಿ ದಾಟಂಗಿಲ್ಲ. ಮಣ್ಣು ನೋಡಿ ಏನ್ ಕಡದ್ ಹಾಕ್ತಾವು? ನಡೀರಿ ಹಿಂದಕ್ಕ." ಒಬ್ಬ ಸೀಟಿ ಹೊಡೆದ. ನಾವು ತಲೆ ತಗ್ಗಿಸಿ ತಿರುಗಿ ಬಂದೆವು.

ಆಮೇಲೆ ಖಾಸಿಂ ಬೀ ಬಡಿದರೆ ಅರ್ಧ ಮನಿಗಳ ಬಾಗಿಲು ತೆರೆಯಲೇ ಇಲ್ಲ. ಹುಡುಗಿಯರು ಹೀಗೇ ಕಡಿಮೆಯಾದರೆ ಸಾಲಿಯನ್ನೇ ಮುಚ್ಚುತ್ತಾರೆ ಅಂತ ಉಸ್ತಾನಿ ಕಣ್ಣು ಒರೆಸಿಕೊಂಡರು. ನಮ್ಮಪ್ಪ ಅಂದ: "ಇನ್ನೊಮ್ಮೆ ಅಗಸ್ಯಾಗ ಮಾನ ಹೋದ್ರ ನಿನ್ನ ಸಾಲಿ ಬಂದ್, ಗೋಪಿ. ಮಾನ್ವಿಯಿಂದ ಗಂಡು ಕೇಳಾಕ ಬಂದಾರ." ಸಾಲಿ ಮುಚ್ಚಿದರೆ ನನಗೆ ಬೀಸುಕಲ್ಲು, ಅದರ ಹಿಂದೆ ಮದುವಿ.

ಮುಂದಿನ ಗುರುವಾರ ಖಾಸಿಂ ಬೀ ಉಳಿದ ಹುಡುಗಿಯರಿಗೆ ಹೇಳಿದಳು: "ಮನಿಗೊಂದು ಚರಗಿ ತರ್ರಿ. ತುಂಬಿ ತರ್ರಿ. ಯಾಕಂತ ಕೇಳಿದಾಕಿ ಹಲ್ಲು ಉದುರಿಸ್ತೀನಿ."

ಮುಂದೆ ಅವಳು, ನಡುವೆ ಉಸ್ತಾನಿ, ಹಿಂದೆ ನಾವು, ಎಲ್ಲರ ಕೈಯಲ್ಲೂ ಚರಗಿ. ಆದೆಪ್ಪ ಎದ್ದು ನಿಂತ. ಖಾಸಿಂ ಬೀ ಸಂತಿಗೆ ಕೇಳುವಂಗ ಕೂಗಿದಳು: "ಬೈಲಕಡಿ ಹೊಂಟೀವಿ!"

ಚರಗಿ ಹಿಡಿದ ಹೆಂಗಸು ಎದುರು ಬಂದರೆ ಗಂಡಸು ಎಲ್ಲಿಗೆ ಅಂತ ಕೇಳಬಾರದು, ನೋಡಲೂ ಬಾರದು. ಎಂಥಾ ಗೌಡನಾದರೂ ಮಾರಿ ತಿರುವಬೇಕು. ಕಟ್ಟೆಯ ಮೇಲಿನವರು ಒಬ್ಬೊಬ್ಬರೇ ಗೋಡೆ ಕಡೆ ಹೊಳ್ಳಿದರು. ಸೀಟಿ ಹೊಡೆದವನು ಎಲ್ಲರಿಗಿಂತ ಮೊದಲು. ಆದೆಪ್ಪ ಮಾತ್ರ ನಿಂತೇ ಇದ್ದ.

"ಇದೇನ್ ಹೋಗೋ ಹೊತ್ತೇನಬೇ? ಸೂರ್ಯ ಮಾರುದ್ದ ಏರ್ಯಾನ!"

"ಖುದಾ ಹೊಟ್ಟಿಗೆ ಗಡಿಯಾರ ಕಟ್ಟಿಲ್ಲೋ ಆದೆಪ್ಪಾ. ನೋಡಾಕಂತ ನಿಂತಿಯೇನು? ನಿನ್ನ ಹೆಂಡ್ತೀನ ಕರೀಲಾ? ಗಂಡ ಏನ್ ನೋಡಾಕತ್ತಾನ ಅಂತ ಆಕೀನೂ ನೋಡ್ಲಿ."

ಅವನೂ ತಿರುಗಿದ. "ಮೋಸ ಇದು! ಲೇ, ಇದು ಮೋಸ!" ಅಂತ ಗೋಡೆಯ ಕಲ್ಲಿಗೆ ಒದರುತ್ತಿದ್ದ. ನಾವು ದಾಟಿದೆವು.

ಉಸ್ತಾನಿ ಆ ನೀರಿನಿಂದಲೇ ಪಾಠ ಮಾಡಿದರು. ಎರಿ ಹೊಲದ ಕರಿ ಮಣ್ಣಾಗ ಸುರಿಸಿದರು. ನೀರು ಬಿರುಕಿಗೆ ಇಳಿದು, ಮಣ್ಣು ಅಂಟಾಗಿ, ಮೇಲಿನ ನೀರು ಅಲ್ಲೇ ನಿಂತಿತು. ಮಸಾರಿ ನೆಲದ ಕೆಂಪು ಉಸುಕು ಮಣ್ಣಾಗ ಸುರಿದದ್ದು ನೋಡನೋಡುತ್ತಲೇ ಮಾಯ. ಯಾವ ಮಣ್ಣು ನೀರನ್ನು ಬಹಳ ದಿನ ಹಿಡಿದುಕೊಳ್ಳುತ್ತದೆ, ಎಲ್ಲಿ ಜೋಳ, ಎಲ್ಲಿ ಶೇಂಗಾ ಅಂತ ನಮ್ಮ ಬಾಯಿಂದಲೇ ಹೇಳಿಸಿದರು. ಖಾಸಿಂ ಬೀ ಬದುವಿನ ಮೇಲೆ ಕೂತು, "ಆ ಕಲ್ಲು ಎತ್ತಬ್ಯಾಡ, ಚೇಳು ಕಡಿದ್ರ ಹೊತ್ಗೊಂಡು ಹೋಗಾಕ ನನ್ನ ಕೈಲೆ ಆಗೂದಿಲ್ಲ" ಅಂತ ಶಾಪ ಹಾಕುತ್ತಿದ್ದಳು.

ಆದೆಪ್ಪ ಸುಮ್ಮನೆ ಕೂಡಲಿಲ್ಲ. ರಾಯಚೂರಿಗೆ ಹೋಗಿ ಸಾಲಿ ನಡೆಸುವ ದೊಡ್ಡವರ ಕಿವಿ ಊದಿ ಬಂದ. ಆಯಾಳ ಬಾಯಿ ಹೊಲಸು, ನಡತಿ ಹೊಲಸು ಅಂತ ಅವಳನ್ನು ಕೆಲಸದಿಂದ ತೆಗೆದರು. "ಬಾಯಿ ಹೊಲಸು ಅನ್ನೋದು ಖರೇ ಅದ" ಅಂದಳು ಖಾಸಿಂ ಬೀ, ಉಗುಳಿದಳು, ಚುರುಮುರಿ ಮಂಡಾಳಿನ ಬುಟ್ಟಿ ಹೊತ್ತು ಸಂತ್ಯಾಗ ಮಾರಾಕ ಕೂತಳು. ಆಯಾ ಇಲ್ಲದೆ ಯಾವ ತಾಯಿ ಹುಡುಗಿಯನ್ನು ಊರ ಹೊರಗೆ ಕಳಿಸಿಯಾಳು? ಉಸ್ತಾನಿ ಮತ್ತೆ ಬರ್ಫದ ಪಾಠ ತೆಗೆದರು.

ಅದರ ಮುಂದಿನ ಗುರುವಾರ ಮುಂಜಾನೆ ಯಾರೋ ನಮ್ಮ ಬಾಗಿಲು ಮುರಿಯುವಂಗ ಬಡಿದರು. "ಎದ್ದಿಯೇನು, ದರಿದ್ರದಾಕಿ? ಹೊರಡು!" ಬಡಿಯುವ ಕೈ ಖಾಸಿಂ ಬೀದು ಅಂತ ಗುರುತು ಹಿಡಿದು ನಮ್ಮವ್ವ ನನ್ನ ಕಳಿಸಿದಳು. ಮುಚ್ಚಿದ್ದ ಬೇರೆ ಬಾಗಿಲುಗಳೂ ತೆರೆದವು, ಅವಳ ಬಾಯಿಗೆ ಹೆದರಿಯೇ ತೆರೆದವು ಅಂತ ನನ್ನ ಅನಿಸಿಕೆ.

ಆದೆಪ್ಪ ಕಟ್ಟೆಯ ಮೇಲೆ ಎಲಿ ಜಗಿಯುತ್ತಿದ್ದ. ಈ ಸಲ ನಮ್ಮ ಕೈ ಖಾಲಿ.

"ನಿನ್ನ ನೌಕರಿ ತೆಗಿಸೀನಿ. ಇನ್ನ ಯಾತರ ಮ್ಯಾಲ ಬಂದೀ?"

"ನೌಕರಿ ಇದ್ದಾಗ ನನ್ನ ಜುಟ್ಟು ನಿನ್ನ ಕೈಯಾಗಿತ್ತು. ಈಗ ಏನ್ ಹಿಡಿತಿ? ಹಿಡಿ ನೋಡಾಮು."

ಅವಳಿಂದ ಕಸಿಯಲಿಕ್ಕೆ ಆದೆಪ್ಪನಿಗೆ ಇನ್ನೇನೂ ಉಳಿದಿರಲಿಲ್ಲ. ಕೂತವನು ಕೂತಲ್ಲೇ ಎಲಿ ಉಗುಳಿದ, ನಾವು ದಾಟಿ ಹೋದೆವು. ಆ ವರ್ಷವೂ ಮರುವರ್ಷವೂ ಗುರುವಾರದ ಪಾಠ ತಪ್ಪಲಿಲ್ಲ. ನನ್ನ ಮಾನ್ವಿಗೆ ಕೊಟ್ಟದ್ದು ನಾಲ್ಕನೇ ಜಮಾತ್ ಮುಗಿದ ಮೇಲೆಯೇ.

ಆವತ್ತು ಅಗಸಿ ದಾಟಿದ ಖುಷಿಗೆ ನಾನು ಆದೆಪ್ಪನ ಕಡೆ ಹೊಳ್ಳಿ ಹೊಳ್ಳಿ ನೋಡುತ್ತ, ನಗುತ್ತ, ದಾರಿ ಬಿಟ್ಟು ಹೊಲದಾಗ ನಡೆದೆ. ಕೆನ್ನೆಗೆ ಚಟ್ ಅಂತ ಬಿತ್ತು.

"ನಿನ್ನೆ ಬಿತ್ತಿದ ನೆಲ ಅದು, ಕತ್ತಿಮರಿ!" ಅಂದಳು ಖಾಸಿಂ ಬೀ. "ಸಾಲಿನ ಮ್ಯಾಲಿಂದ ಕಾಲು ತಗಿ."